ಕೋಣನಬೆನ್ನು ದಾಟಿದ ಬಿಲ್ಲು

ಮಾಬೂಬೀಯ ಬಿಲ್ಲನ್ನು ಬಸ್ಸಿಗೆ ಹಾಕಿಕೊಳ್ಳುವುದಿಲ್ಲ ಅಂದವನು ನಾನೇ. ಬೇರೆಯವರು ಆಡಿಕೊಳ್ಳುವ ಮುಂಚೆ ನಾನೇ ಒಪ್ಪಿಕೊಂಡುಬಿಡುವುದು ಮೇಲು. ಎಪ್ಪತ್ತೆಂಟರಲ್ಲಿ ನಾನು ದಾವಣಗೆರೆಯಿಂದ ಹರಿಹರ, ಮಲೆಬೆನ್ನೂರಿನ ಮೇಲೆ ಉಕ್ಕಡಗಾತ್ರಿಗೆ ಹೋಗುವ ಒಂದು ಖಾಸಗಿ ಬಸ್ಸಿನ ಕಂಡಕ್ಟರ್. ವಯಸ್ಸು ಇಪ್ಪತ್ತನಾಲ್ಕು. ಹೆಗಲಿಗೆ ಚರ್ಮದ ಚೀಲ, ಕೈಯಲ್ಲೊಂದು ಸೀಟಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಬರೀ ಸೀಟಿ, ಅಷ್ಟಕ್ಕೇ ನಾನು ನಡುಮಧ್ಯಾಹ್ನದಲ್ಲೂ ಮೆರೆಯುತ್ತಿದ್ದೆ.

ಅದು ಶಿವರಾತ್ರಿಯ ಹಿಂದಿನ ದಿನ. ಹಬ್ಬದ ಮಾರನೆಯ ದಿನ ಅಮಾವಾಸ್ಯೆ, ಹಾಗಾಗಿ ಉಕ್ಕಡಗಾತ್ರಿಯ ಕರಿಬಸವೇಶ್ವರನಿಗೆ ನಡೆದುಕೊಳ್ಳುವವರೆಲ್ಲ ಬೆಳಗ್ಗೆಯೇ ಬಂದು ಬಸ್ಸು ತುಂಬಿದ್ದರು. ಆಗ ಈಕೆ ಬಂದಳು. ನಲವತ್ತರ ಹೆಂಗಸು, ಗಿಡ್ಡ, ಹೆಗಲ ಮೇಲೆ ತನಗಿಂತ ಒಂದು ಮೊಳ ಉದ್ದದ ಹತ್ತಿ ಹಿಂಜುವ ಬಿಲ್ಲು. ಬಾವಿಯ ಏತದ ಮರದಂಥ ದಪ್ಪ ಮರ, ಅದರ ಉದ್ದಕ್ಕೂ ಬಿಗಿದ ಕರುಳಿನ ಹೆದೆ. ಸೊಂಟಕ್ಕೆ ಹೆದೆ ಬಡಿಯುವ ಮರದ ಕೊಡತಿ ಸಿಕ್ಕಿಸಿಕೊಂಡಿದ್ದಳು.

“ಬೂಬವ್ವಾ, ಅದು ಒಳಗೆ ಹಿಡಿಯಂಗಿಲ್ಲ,” ಅಂದೆ.

“ಮ್ಯಾಲೆ ಕಟ್ಟಪ್ಪ. ಹಗ್ಗನೂ ನಂದೇ ಐತೆ.”

ಕಟ್ಟಬಹುದಿತ್ತು. ಆದರೆ ಕಿಟಕಿಯಿಂದ ಅಜ್ಜಪ್ಪನವರು ತಲೆ ಹೊರಗೆ ಹಾಕಿದರು. ದಾವಣಗೆರೆಯ ದೊಡ್ಡ ಕಿರಾಣಿ ವ್ಯಾಪಾರಸ್ಥರು, ಮನೆಮಂದಿ ಹನ್ನೊಂದು ಜನರನ್ನು ಕಟ್ಟಿಕೊಂಡು ಹೊರಟವರು. “ಏ ತಮ್ಮಾ, ಅದಕ್ಕ ಬಿಗಿದಿರೋದು ಕುರಿ ಕರುಳು. ಮ್ಯಾಲೆ ನಮ್ಮ ಎಡೆ ಗಂಟು ಐತೆ. ಹೆಂಗೆ ಕಟ್ತೀ?”

ಅಜ್ಜಪ್ಪನವರು ದಿನಾ ಮಲಗುವ ಗಾದಿಯ ಹತ್ತಿಯನ್ನು ಹಿಂಜಿದ್ದೂ ಅಂಥದೇ ಕರುಳು. ನನಗದು ಗೊತ್ತಿತ್ತು, ಬಾಯಿಗೂ ಬಂದಿತ್ತು. ನುಂಗಿಕೊಂಡೆ. “ಬ್ಯಾಡ ಬೂಬವ್ವಾ, ನಾಡಿದ್ದು ಬಾ,” ಅಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಾಡಿದ್ದು ನಾನು ಹೋಗಿ ಏನು ಮಾಡ್ಲಿ? ನಿನ್ನ ಬಸ್ಸು ಹರಿಹರ ಸುತ್ತಿ, ಹೊಳೆ ನೋಡ್ಕೊಂಡು, ಮದುವಣಗಿತ್ತಿ ಹಂಗೆ ಹೋಗ್ತೈತೆ. ನಾನು ನೆಟ್ಟಗೆ ಕೋಣನಬೆನ್ನು ಹತ್ತಿ ಇಳೀತೀನಿ. ನಾಳೆ ದೀಪ ಹಚ್ಚೋ ಹೊತ್ತಿಗೆ ಮಲೆಬೆನ್ನೂರಾಗೆ ಇರು. ಬರೋವಾಗ ಕಿವಿ ತೊಳ್ಕೊಂಡು ಬಾ.”

ಬಸ್ಸಿನವರೆಲ್ಲ ನಕ್ಕರು. ನಾನು ಸೀಟಿ ಊದಿದೆ.

ನಾಡಿದ್ದು ಯಾಕೆ ಆಗುತ್ತಿರಲಿಲ್ಲ ಅಂತ ಹೇಳಬೇಕು. ಪಿಂಜಾರರಲ್ಲಿ ಒಂದೊಂದು ಮನೆಗೆ ಒಂದೊಂದು ‘ಸುತ್ತು’ ಇರುತ್ತದೆ. ಸುತ್ತು ಅಂದರೆ ಇಂತಿಷ್ಟು ಹಳ್ಳಿ. ಆ ಹಳ್ಳಿಗಳ ಹಳೇ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯುವ ಕೆಲಸ ಆ ಮನೆಯವರದೇ, ಬೇರೆ ಪಿಂಜಾರರು ಅಲ್ಲಿಗೆ ಕಾಲಿಡುವುದಿಲ್ಲ. ಮಲೆಬೆನ್ನೂರಿನ ಸುತ್ತಲಿನ ಏಳು ಹಳ್ಳಿ ಮಾಬೂಬೀಯ ಗಂಡ ಹಯಾತ್ ಸಾಬರ ಸುತ್ತು. ಅಲ್ಲೆಲ್ಲ ನೀರಾವರಿಯ ಭತ್ತದ ಗದ್ದೆ, ಮನೆಯೊಳಗೂ ತೇವ, ಗಾದಿ ವರ್ಷಕ್ಕೊಮ್ಮೆ ಹಿಟ್ಟಿನ ಮುದ್ದೆಯಾಗುತ್ತದೆ. ಹಾಗಾಗಿ ಒಳ್ಳೇ ಸುತ್ತು. ಆದರೆ ಅದನ್ನು ಉಳಿಸಿಕೊಳ್ಳಲು ಒಂದು ಕಟ್ಟಳೆ ಉಂಟು. ಮದುವೆ ಲಗ್ನಗಳು ಶುರುವಾಗುವ ಮುಂಚೆ, ಶಿವರಾತ್ರಿಯ ದಿನ ದೀಪ ಹಚ್ಚುವುದರೊಳಗೆ, ಆ ಮನೆಯ ಬಿಲ್ಲು ಮಲೆಬೆನ್ನೂರಿನ ಹುಣಸೇಮರದ ಕೆಳಗೆ ಮೂರು ಸಲ ಸದ್ದು ಮಾಡಬೇಕು. ಮಾಡದಿದ್ದರೆ ಸುತ್ತು ಹೋಯಿತು. ಆಮೇಲೆ ಅಲ್ಲಿ ಮೊದಲು ಬಿಲ್ಲು ಬಾರಿಸಿದವನದು.

ಹಯಾತ್ ಸಾಬರಿಗೆ ಆ ವರ್ಷ ದಮ್ಮು ಹೆಚ್ಚಾಗಿ ಎದ್ದು ಕೂರುವುದೇ ಕಷ್ಟವಾಗಿತ್ತು. ಇಪ್ಪತ್ತೈದು ವರ್ಷ ಹತ್ತಿಯ ಧೂಳು ಕುಡಿದ ಎದೆ. ಅವರ ತಮ್ಮ ಕುತುಬುದ್ದೀನ್‌ಗೆ ಬೇರೆ ಸುತ್ತು ಇತ್ತು, ಸಾಕಾಗಿರಲಿಲ್ಲ. ಶಿವರಾತ್ರಿಗೆ ಎರಡು ದಿನ ಇರುವಾಗಲೇ ಅವನು ತನ್ನ ಬಿಲ್ಲನ್ನು ಲಾರಿಗೆ ಹಾಕಿಕೊಂಡು ಮಲೆಬೆನ್ನೂರಿಗೆ ಹೋಗಿ ಕೂತ. ಅಣ್ಣನಿಗೆ ಇನ್ನು ಬೇಕಾಗುವುದಿಲ್ಲ ಅಂತ ಅವರ ಮನೆಯಲ್ಲಿದ್ದ ಹೊಸ ಹೆದೆಗಳನ್ನೂ ಎತ್ತಿಕೊಂಡು ಹೋಗಿದ್ದ.

“ನಾನು ಹೋಗ್ತೀನಿ,” ಅಂದಳಂತೆ ಮಾಬೂಬೀ.

“ಬಿಲ್ಲು ಹೆಂಗಸರು ಎತ್ತಂಗಿಲ್ಲ. ಮಂದಿ ಏನಂತಾರೆ?”

“ಮಂದಿ ನಮಗೆ ಊಟ ಹಾಕ್ತಾರೇನು? ಹಾಕಿದ್ರೆ ಹೇಳ್ರಿ, ಇಲ್ಲೇ ಕುಂತ್ಕಂತೀನಿ.”

ಹಯಾತ್ ಸಾಬರು ಗೋಡೆಗೆ ಮುಖ ತಿರುಗಿಸಿ ಮಲಗಿದರು. ಸಿಟ್ಟಿನಲ್ಲಿ ಅವರು ಹೇಳದೇ ಬಿಟ್ಟದ್ದು ಒಂದು ಮಾತು. ದಾರಿ ನಡೆಯುವಾಗ ಹೆದೆ ಸಡಿಲ ಬಿಟ್ಟುಕೊಂಡು ನಡೆಯಬೇಕು. ಗಂಡಸು ಪಿಂಜಾರ ಯಾರೇ ಆದರೂ ಮನೆ ಹೊಸ್ತಿಲಲ್ಲೇ ಹೆದೆ ಇಳಿಸುತ್ತಾನೆ. ಮಾಬೂಬೀ ಬಿಲ್ಲನ್ನು ಕಂಡದ್ದು ಮನೆಯೊಳಗೆ, ಬಿಗಿದು ತೂಗುಹಾಕಿದ್ದು. ಬಿಗಿದ ಹಾಗೇ ಹೊತ್ತುಕೊಂಡು ಹೊರಟಳು.

ಕೋಣನಬೆನ್ನು ನಮ್ಮ ಕಡೆಯವರು ಇಟ್ಟ ಹೆಸರು, ನಕಾಶೆಯಲ್ಲಿ ಹುಡುಕಬೇಡಿ. ದಾವಣಗೆರೆಯ ಚಾನಲ್ ಗದ್ದೆಗಳು ಮುಗಿದ ಮೇಲೆ ಏಳುವ ಗುಡ್ಡದ ಸಾಲು. ಮೂರು ಡುಬ್ಬ. ಮೊದಲನೆಯದು ಕಾರೆ, ಕವಳಿ ಮುಳ್ಳಿನದು. ನಡುವಿನದು ಬರೀ ಹಾಸುಬಂಡೆ. ಮೂರನೆಯದು ಆಚೆ ಬದಿಗೆ ಗೋಡೆಯಂತೆ ಕಡಿದು ಬೀಳುತ್ತದೆ, ಅದರ ಹೊಟ್ಟೆಗೆಲ್ಲ ಹೆಜ್ಜೇನು ಜೋತುಬಿದ್ದಿರುತ್ತದೆ. ಹಿಂದೆ ಮಲೆಬೆನ್ನೂರಿಗೆ ಅದೇ ದಾರಿ. ಬಸ್ಸು ಬಂದ ಮೇಲೆ ಕಾಲುದಾರಿ ಕರಡಿ ಚಿರತೆಗಳ ಪಾಲಾಯಿತು. ಗುಡ್ಡದ ಮೇಲೆ ನಡೆದದ್ದನ್ನು ನಾನು ಕಂಡವನಲ್ಲ. ಎರಡು ವರ್ಷದ ಮೇಲೆ ನನ್ನ ಮದುವೆಯ ಗಾದಿ ಹೊಲಿಯಲು ಬಂದಾಗ ಆಕೆಯೇ ಹೇಳಿದ್ದು. ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು, ನನ್ನ ಮುಖವನ್ನೇ ನೋಡುತ್ತ ಹೇಳಿದಳು.

ಮೊದಲ ದಿನ ಸಂಜೆಗೆ ಗುಡ್ಡದ ಬುಡದ ಕುರಿಹಟ್ಟಿ ಮುಟ್ಟಿದಳು. ಅಲ್ಲಿದ್ದವಳು ಅಂಜಿನವ್ವ, ಕುರಿ ಕಾಯುವ ಮುದುಕಿ. ಅಂಜಿನವ್ವ ಆ ಹೊತ್ತಿಗೆ ಮೈಯೆಲ್ಲ ಬೆಂಕಿಯಾಗಿದ್ದಳು, ಸಂಜೆ ತಾನೇ ಚಿರತೆ ಆಕೆಯ ಮೇಕೆಯೊಂದನ್ನು ಕಚ್ಚಿಕೊಂಡು ಹೋಗಿತ್ತು.

“ನಾಳೆ ಗುಡ್ಡ ಹತ್ತಬ್ಯಾಡ ತಾಯಿ,” ಅಂದಳು. “ಮ್ಯಾಲೆ ತಿನ್ಕಂತ ಕುಂತಿರ್ತೈತೆ. ಅದರ ದಿಮಾಕು ನೋಡು, ಹೊಟ್ಟೆ ಬಗದು ಕರುಳು ಅತ್ತ ಎಳದು ಹಾಕಿ, ತೊಡೆ ಮಾತ್ರ ತಿಂತೈತೆ. ನಮ್ಮ ಬೀಗರೂ ಇಷ್ಟು ಆರಿಸಿ ತಿನ್ನಂಗಿಲ್ಲ.”

“ಅದರ ಊಟ ಅದಕ್ಕೆ. ನನ್ನ ದಾರಿ ನನಗೆ,” ಅಂದಳು ಮಾಬೂಬೀ. ಬಿಲ್ಲನ್ನು ಹೊರಗೆ ಬೇಲಿಗೆ ಒರಗಿಸಿ, ಕಂಬಳಿ ಹೊದ್ದು ಮಲಗಿಬಿಟ್ಟಳು.

ಬೆಳಗ್ಗೆ ಎದ್ದಾಗ ಗದ್ದೆಯ ಕಡೆಯ ಮಂಜು ಹಟ್ಟಿಯನ್ನೆಲ್ಲ ತೋಯಿಸಿತ್ತು. ಆಕೆ ಬಿಲ್ಲು ಹೊತ್ತು ಹತ್ತತೊಡಗಿದಳು. ಮೊದಲ ಡುಬ್ಬದಲ್ಲಿ ದಾರಿ ಅಂಬುವುದೇ ಇರಲಿಲ್ಲ. ಉದ್ದದ ಬಿಲ್ಲು ಮುಳ್ಳುಕಂಟಿಗೆ ಸಿಕ್ಕಿ ಹಿಂದಕ್ಕೆ ಎಳೆಯುತ್ತಿತ್ತು. ಕೌಜುಗದ ಹಕ್ಕಿಗಳು ಕಾಲ ಬುಡದಿಂದಲೇ ಬುರ್ರನೆ ಎದ್ದು ಎದೆ ಝಲ್ಲೆನಿಸುತ್ತಿದ್ದವು. ತಿರುವಿನಲ್ಲಿ ಹೊಸದಾಗಿ ಕೆದರಿದ ಹುತ್ತ ಕಂಡಳು. ಹುತ್ತದ ಆಚೆ ಕರಡಿಯೇ ಇತ್ತು. ಮುಖವೆಲ್ಲ ಮಣ್ಣು ಮಾಡಿಕೊಂಡು ಗೆದ್ದಲು ಹೀರುತ್ತಿತ್ತು.

ಆಕೆ ಕೊಡತಿ ತೆಗೆದು ಹೆದೆಗೆ ಹೊಡೆದಳು. ಮಂಜಿಗೆ ಸಡಿಲಾದ ಹೆದೆ ಬೊದ್ ಅಂದಿತು. ಕರಡಿ ತಲೆ ಎತ್ತಿ, ಹಿಂಗಾಲ ಮೇಲೆ ನಿಂತು, ಯಾರಪ್ಪ ಇದು ಅಂತ ನೋಡಿತು. ಮಾಬೂಬೀಗೆ ಭಯಕ್ಕಿಂತ ಹೆಚ್ಚು ಅವಮಾನವಾಯಿತಂತೆ. ನಿಂತಲ್ಲೇ ಬಿಲ್ಲನ್ನು ಮೊಣಕಾಲಿಗೆ ಒತ್ತಿಕೊಂಡು, ತುದಿಯ ಹುರಿ ಸುತ್ತಿ ಸುತ್ತಿ ಹೆದೆ ಬಿಗಿದಳು. ಮತ್ತೆ ಹೊಡೆದಳು. ಢಂಯ್ ಅಂತ ಗುಡ್ಡವೆಲ್ಲ ಕೂಗಿತು. ಕರಡಿ ಗೊಣಗುತ್ತ ಕಂಟಿಯೊಳಗೆ ನುಗ್ಗಿ ಓಡಿತು.

“ಹೋಗು ಹೋಗು, ಕುತುಬುನ ಹಿಂದೆ ಹೋಗು,” ಅಂತ ಕೂಗಿ ಹೇಳಿದಳು.

ಆ ಖುಷಿಯಲ್ಲಿ ಹೆದೆ ಇಳಿಸಬೇಕೆಂಬುದು ಹೊಳೆಯಲೇ ಇಲ್ಲ. ನಡುವಿನ ಡುಬ್ಬ ಹತ್ತುವ ಹೊತ್ತಿಗೆ ಬಿಸಿಲು ಏರಿತ್ತು. ನೆರಳಿಲ್ಲದ ಹಾಸುಬಂಡೆ, ಕಾಲು ಚುರ್ ಅನ್ನುವ ಕಾವು. ನೆನೆದಾಗ ಬಿಗಿದ ಕರುಳು ಒಣಗುತ್ತ ಒಳಗೊಳಗೇ ಕುಗ್ಗುತ್ತ ಹೋಯಿತು. ಬಂಡೆಯ ನಟ್ಟನಡುವೆ, ಆಕೆಯ ಕಿವಿಯ ಪಕ್ಕದಲ್ಲೇ, ಫಟ್ ಅಂತ ಹರಿಯಿತು. ಹರಿದ ತುದಿ ಕೆನ್ನೆಗೆ ಬಾರುಕೋಲಿನಂತೆ ಹೊಡೆದು ರಕ್ತ ಬಂತು. ಆ ಗೆರೆ ಕೊನೆಯವರೆಗೂ ಆಕೆಯ ಮುಖದ ಮೇಲಿತ್ತು.

ಆಕೆ ಕೂತುಕೊಂಡು ಅತ್ತಳು. ಅದನ್ನೂ ಮುಚ್ಚಿಡದೆ ನನಗೆ ಹೇಳಿದಳು. ಹೆದೆ ಮೂರು ಕಡೆ ಸೀಳಿತ್ತು, ಗಂಟು ಹಾಕಲು ಬರುವಂತಿರಲಿಲ್ಲ. ಬೇರೆ ಹೆದೆ ಇರುವುದು ಮಲೆಬೆನ್ನೂರಿನಲ್ಲಿ, ಅದೂ ಕುತುಬುದ್ದೀನನ ಕೈಯಲ್ಲಿ. ಹಿಂದಕ್ಕೆ ಹೋದರೆ ಸುತ್ತು ಹೋಯಿತು. ಮುಂದಕ್ಕೆ ಹೋದರೆ ಹೆದೆಯಿಲ್ಲದ ಮರ ಹೊತ್ತು ಊರ ನಡುವೆ ನಿಲ್ಲಬೇಕು. ಗಂಡಸು ಪಿಂಜಾರ ಆಗಿದ್ದರೆ ಅಲ್ಲಿಂದಲೇ ಮನೆಗೆ ತಿರುಗುತ್ತಿದ್ದ. ಯಾಕೆಂದರೆ ಅವನಿಗೆ ಬಾರಿಸಲು ಬರುತ್ತದೆಯೇ ಹೊರತು ಹೆದೆ ಮಾಡಲು ಬರುವುದಿಲ್ಲ. ಅದು ಹೆಂಗಸರ ಕೆಲಸ. ಪ್ರತಿ ಬಕ್ರೀದಿಗೆ ಕುರಿಯ ಕರುಳು ತೊಳೆದು, ಕೆರೆದು, ಹುರಿ ಮಾಡಿ, ಬಿಸಿಲಿಗೆ ಎಳೆದು ಕಟ್ಟುವವರು ಅವರು. ಗಬ್ಬು ಕೆಲಸ ಅಂತ ಗಂಡಸರು ಆ ಕಡೆ ತಲೆಯೂ ಹಾಕುವುದಿಲ್ಲ. ಮಾಬೂಬೀ ಇಪ್ಪತ್ತು ವರ್ಷ ತನ್ನದೂ ಮೈದುನನದೂ ಎರಡೂ ಮನೆಯ ಹೆದೆ ಮಾಡಿದವಳು.

ಕಣ್ಣೊರೆಸಿಕೊಂಡಾಗ ಮೂರನೆಯ ಡುಬ್ಬದ ಬುಡದಲ್ಲಿ ಕಾಗೆಗಳು ಸುತ್ತುತ್ತಿರುವುದು ಕಂಡಿತು. ಅಂಜಿನವ್ವನ ಮಾತು ನೆನಪಾಯಿತು.

ಚಿರತೆ ಇದ್ದಲ್ಲಿಂದ ದೂರ ಹೋದವರ ವಿಷಯ ನಾನು ಕೇಳಿದ್ದೇನೆ. ಅದರ ಊಟದ ಜಾಗ ಹುಡುಕಿಕೊಂಡು ಹೋದವಳು ಈಕೆ ಒಬ್ಬಳೇ. ಬಿಲ್ಲನ್ನು ಮುಂದೆ ಅಡ್ಡ ಹಿಡಿದು, ಬಾಯಿ ಮುಚ್ಚದೆ ಬೈಯುತ್ತ ಹೋದಳು. ಸುಮ್ಮನೆ ಹೋದರೆ ಕಾಡುಪ್ರಾಣಿ ಬೆಚ್ಚಿ ಮೈಮೇಲೆ ಬೀಳುತ್ತದೆ, ಸದ್ದು ಮಾಡಿದರೆ ಸರಿದುಕೊಳ್ಳುತ್ತದೆ ಅನ್ನುವುದು ಆಕೆಗೆ ಕರಡಿಯಿಂದ ಖಾತ್ರಿಯಾಗಿತ್ತು. ಎರಡು ಬಂಡೆಯ ಸಂದಿನಲ್ಲಿ ಮೇಕೆ ಬಿದ್ದಿತ್ತು. ಒಂದು ತೊಡೆ ಇರಲಿಲ್ಲ. ಕರುಳು ಮಾರುದೂರದಲ್ಲಿ ಬೇರೆಯಾಗಿಯೇ ಇತ್ತು, ಅಂಜಿನವ್ವ ಹೇಳಿದ ಹಾಗೆ. ಮೇಲಿನ ಪೊದೆಯಿಂದ ಗರಗಸ ಎಳೆದಂಥ ಸದ್ದು ಬಂತು. ಚಿರತೆ ಅಲ್ಲೇ ಇತ್ತು.

“ಗುರ್ ಅಂದ್ರೆ ಹೆದರ್ತೀನಿ ಅಂದ್ಕಂಡಿಯಾ?” ಅಂದಳು ಮಾಬೂಬೀ. “ನಿನಗೆ ಬ್ಯಾಡಾದ್ದು ನನಗೆ ಬೇಕು. ಮಾಂಸ ನಾನು ಮುಟ್ಟಂಗಿಲ್ಲ, ಅದು ನಿಂದು. ನಾನೇನು ತಿನ್ನಾಕೆ ಒಯ್ತಾ ಇಲ್ಲ, ಬಾರಿಸಾಕೆ ಒಯ್ತಾ ಇದೀನಿ. ಬಾಯಿ ಮುಚ್ಕೊಂಡು ಕೂಡ್ರು.”

ಕರುಳು ಸೆರಗಿಗೆ ಹಾಕಿಕೊಂಡು, ಬೆನ್ನು ತೋರಿಸದೆ ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಹಾಸುಬಂಡೆಗೆ ಬಂದಳು. ಅಲ್ಲೊಂದು ದೊಣೆ, ಬಂಡೆಯ ಗುಳಿಯಲ್ಲಿ ಮಳೆಗಾಲದ ನೀರು ಇನ್ನೂ ಉಳಿದಿತ್ತು. ಕರುಳು ತೊಳೆದು, ಎಲೆಯಡಿಕೆಯ ಸಣ್ಣ ಚಾಕುವಿನ ಬೆನ್ನಿನಿಂದ ಕೆರೆದು, ಮತ್ತೆ ತೊಳೆದಳು. ಒಂದು ತುದಿ ಕಾರೆಗಿಡದ ಬುಡಕ್ಕೆ ಕಟ್ಟಿ, ಇನ್ನೊಂದು ತುದಿಗೆ ಕಡ್ಡಿ ಸಿಕ್ಕಿಸಿ ತಿರುಚಿದಳು. ಮಡಿಚಿ ಮತ್ತೆ ತಿರುಚಿದಳು. ಬಂಡೆಯ ಮೇಲೆ ಎರಡು ಗಿಡಕ್ಕೆ ಎಳೆದು ಕಟ್ಟಿ ಬಿಸಿಲಿಗೆ ಬಿಟ್ಟಳು. ಹೆದೆ ಹರಿದ ಆ ಸುಡುಬಿಸಿಲೇ ಈಗ ಹೆದೆ ಒಣಗಿಸಬೇಕಿತ್ತು.

ಮೂರು ತಾಸು ಕೂತಳು. ಮೇಲೆ ಹದ್ದು ಸುತ್ತುತ್ತಿತ್ತು, ಕೆಳಗೆ ಕಾಗೆ ಹೊಂಚು ಹಾಕುತ್ತಿದ್ದವು. ಕೊಡತಿ ಬೀಸಿ ಬೀಸಿ ತೋಳು ಸೋತಿತು. ಹೊತ್ತು ವಾಲಿತು. ಇನ್ನೊಂದು ತಾಸು ಒಣಗಿದ್ದರೆ ಚೆನ್ನಾಗಿತ್ತು, ಹೊತ್ತು ಇರಲಿಲ್ಲ. ಹೆದೆಯನ್ನು ಬಿಲ್ಲಿಗೆ ಸಡಿಲಾಗಿ ಕಟ್ಟಿದಳು. ಕಲಿತ ಪಾಠ ಒಂದೇ ಸಾಕಾಗಿತ್ತು. ಮೂರನೆಯ ಡುಬ್ಬ ಹತ್ತಿ, ಹೆಜ್ಜೇನಿನ ಬಂಡೆಯ ಪಕ್ಕದ ಸೀಳಿನಲ್ಲಿ ಬಿಲ್ಲನ್ನು ಅಡ್ಡ ಊರಿ, ಅದನ್ನೇ ಹಿಡಿದು ಕಾಲು ಕೆಳಗೆ ಬಿಡುತ್ತ ಇಳಿದಳು. ಅಲ್ಲಿ ಉಸಿರೂ ಬಿಡಲಿಲ್ಲ. ಚಿರತೆಗೆ ಬೈಯಬಹುದು, ಹೆಜ್ಜೇನಿಗೆ ಬೈದರೆ ಕೇಳುವುದಿಲ್ಲ.

ಇನ್ನು ಮುಂದಿನದಕ್ಕೆ ನಾನೇ ಸಾಕ್ಷಿ. ಶಿವರಾತ್ರಿಯ ಸಂಜೆ ನನ್ನ ಬಸ್ಸು ದಾವಣಗೆರೆಗೆ ಹಿಂದಿರುಗುವ ದಾರಿಯಲ್ಲಿ ಮಲೆಬೆನ್ನೂರಿನಲ್ಲಿ ನಿಂತಿತ್ತು. ಹುಣಸೇಮರದ ಕೆಳಗೆ ಜಮಾಲ್ ಸಾಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ಅಲ್ಲಿನ ಹತ್ತಿ ಅಂಗಡಿಯ ಹಿರಿಯರು, ಸುತ್ತಿನ ತಕರಾರು ಏನಿದ್ದರೂ ಅವರದೇ ಕೊನೇ ಮಾತು. ಪಕ್ಕದಲ್ಲಿ ಕುತುಬುದ್ದೀನ್, ಎಣ್ಣೆ ಹಾಕಿ ತಲೆ ಬಾಚಿ, ಬಿಲ್ಲನ್ನು ಕೊಂಬೆಗೆ ತೂಗುಹಾಕಿ, ಸೂರ್ಯನನ್ನೇ ನೋಡುತ್ತಿದ್ದ. ದೀಪ ಹಚ್ಚುವ ಹೊತ್ತು ದಾಟಿದ ಕೂಡಲೇ ಬಾರಿಸಬೇಕು ಅವನು.

ಆಗ ಭತ್ತದ ಗದ್ದೆಯ ಬದುವಿನ ಮೇಲೆ ಆಕೆ ಬಂದಳು. ಸೀರೆ ಹರಿದಿತ್ತು, ಕೆನ್ನೆಯ ಮೇಲೆ ರಕ್ತ ಕಪ್ಪಗೆ ಒಣಗಿತ್ತು. ಇಷ್ಟಕ್ಕೂ ಒಂದು ಹಗ್ಗದ ಗಂಟು ಹಾಕಿದ್ದರೆ ಸಾಕಿತ್ತಲ್ಲ ನಾನು.

“ಭಾಭೀ, ಇದೇನಿದು?” ಕುತುಬುದ್ದೀನ್ ಎದ್ದು ಅಡ್ಡ ನಿಂತ. “ಹೆಂಗಸು ಬಿಲ್ಲು ಬಾರಿಸಿದ್ದು ಎಲ್ಲಾದ್ರೂ ಐತಾ? ಚಾಚಾ, ಇದು ಲೆಕ್ಕಕ್ಕಿಲ್ಲ. ಹೇಳ್ರಿ.”

ಜಮಾಲ್ ಸಾಬರು ಗಡ್ಡ ನೀವಿಕೊಂಡರು. “ಪದ್ಧತಿ ಇಲ್ಲ, ಮಾಬೂಬೀ,” ಅಂದರು.

ಮಾಬೂಬೀ ಬಿಲ್ಲು ಇಳಿಸಲಿಲ್ಲ. “ಸರಿ ಚಾಚಾ. ಹೆಂಗಸಿನ ಕೈ ತಾಗಿದ್ದು ಬ್ಯಾಡ ಅಂತೀರಿ. ಕುತುಬು, ಆ ಬಿಲ್ಲಿಗೆ ಬಿಗಿದೀಯಲ್ಲ ಹೆದೆ, ಅದು ಯಾರು ಮಾಡಿದ್ದು?”

ಕುತುಬುದ್ದೀನ್ ಬಾಚಿದ ತಲೆಯನ್ನೇ ಮತ್ತೆ ನೀವಿಕೊಂಡ.

“ಹೇಳು. ಹೋದ ಬಕ್ರೀದಿಗೆ ಕರುಳು ತೊಳೆದೋಳು ಯಾರು? ಹುರಿ ಹೊಸೆದೋಳು ಯಾರು? ಅದು ನನ್ನ ಕೈದು. ಬಿಚ್ಚಿ ಕೊಡು. ಬಿಚ್ಚಿ ಕೊಟ್ಟು, ನೀನೇ ಒಂದು ಹೆದೆ ಮಾಡಿ, ಬಿಗಿದು, ಬಾರಿಸು. ನಾನು ಬಿಲ್ಲು ಇಲ್ಲೇ ಇಟ್ಟು ಮನೆಗೆ ಹೋಗ್ತೀನಿ.”

ಬಸ್ಸಿನಿಂದ ಜನ ಇಳಿದು ಸುತ್ತ ನಿಂತಿದ್ದರು. ಯಾರೋ ಕಿಸಕ್ಕನೆ ನಕ್ಕರು. ಕುತುಬುದ್ದೀನ್ ತನ್ನ ಬಿಲ್ಲನ್ನು ಒಮ್ಮೆ ನೋಡಿದ, ಜಮಾಲ್ ಸಾಬರನ್ನು ಒಮ್ಮೆ ನೋಡಿದ. ಹೆದೆ ಮಾಡುವುದಿರಲಿ, ಹಸಿ ಕರುಳನ್ನು ಬೆರಳಲ್ಲಿ ಮುಟ್ಟಿದವನಲ್ಲ ಅವನು. ಜಮಾಲ್ ಸಾಬರು ಮಾತ್ರ ಎದ್ದು ಬಂದು ಮಾಬೂಬೀಯ ಬಿಲ್ಲಿನ ಹೆದೆಯನ್ನು ಉಗುರಿನಿಂದ ಮೀಟಿದರು.

“ಇದು ಇವತ್ತಿನ ಹೆದೆ. ಇನ್ನೂ ಹಸಿ ಐತೆ,” ಅಂದರು. “ಯಾರ ಮನೆ ಕುರಿ?”

“ಗುಡ್ಡದ ಸಾವ್ಕಾರಂದು ಚಾಚಾ. ಮೈಮ್ಯಾಲೆ ಚುಕ್ಕಿ ಐತಲ್ಲ, ಅವನು ಕೊಟ್ಟ.”

ಅವರಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಆಕೆಯ ಕೆನ್ನೆ ನೋಡಿದರು, ಹಿಂದಿನ ಗುಡ್ಡ ನೋಡಿದರು. ಕುತುಬುದ್ದೀನನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದರು. “ಬಾರಿಸು,” ಅಂದರು.

ಆಕೆ ಹುರಿ ಸುತ್ತಿ ಹೆದೆ ಬಿಗಿದಳು. ಮೊದಲ ಹೊಡೆತ ಮಂಕಾಗಿ ಬಂತು. ಎರಡನೆಯದು ಸ್ವಲ್ಪ ತೆರೆಯಿತು. ಮೂರನೆಯದಕ್ಕೆ ಹುಣಸೇಮರದ ಹಕ್ಕಿಗಳೆಲ್ಲ ಎದ್ದವು. ಅಷ್ಟರಲ್ಲಿ ಎದುರಿನ ಅಂಗಡಿಯಲ್ಲಿ ದೀಪ ಹಚ್ಚಿದರು. ಜಮಾಲ್ ಸಾಬರು ಒಳಗೆ ಹೋಗಿ ತಮ್ಮ ಮನೆಯ ಗಾದಿಯನ್ನೇ ಹೊತ್ತು ತಂದು ಆಕೆಯ ಮುಂದೆ ಹಾಕಿದರು.

ಆಕೆ ನನ್ನ ಕಡೆ ತಿರುಗಿದಳು. “ಕೇಳಿಸ್ತೇನಪ್ಪ?”

ನಾನು ಕೈಯಲ್ಲಿದ್ದ ಸೀಟಿಯನ್ನು ಚೀಲಕ್ಕೆ ಹಾಕಿಕೊಂಡೆ.

ಮುಂದಿನ ವರ್ಷ ಶಿವರಾತ್ರಿಗೆ ಆಕೆ ಬಸ್‌ಸ್ಟ್ಯಾಂಡಿನ ಮುಂದೆ ಹಾಯ್ದುಹೋಗುವಾಗ ನಾನು ಹಗ್ಗ ಹಿಡಿದುಕೊಂಡು ಓಡಿದೆ. “ಕೊಡ್ರಿ ತಾಯಿ, ನಾನೇ ಮ್ಯಾಲೆ ಕಟ್ತೀನಿ.” ಆಕೆ ನಿಲ್ಲಲಿಲ್ಲ. “ಬ್ಯಾಡಪ್ಪ. ಮ್ಯಾಲೆ ಯಾರದೋ ಎಡೆ ಗಂಟು ಇರ್ತೈತೆ,” ಅಂದಳು. ಹತ್ತು ವರ್ಷ, ಎಂಬತ್ತೆಂಟರವರೆಗೆ, ಗುಡ್ಡದ ಮೇಲೇ ಹೋದಳು. ಹೆದೆ ಸಡಿಲ ಬಿಟ್ಟುಕೊಂಡು ನಡೆಯುತ್ತಿದ್ದಳು. ಅಂಜಿನವ್ವನ ಹಟ್ಟಿಯಲ್ಲಿ ಮಾತ್ರ ಬಿಗಿದು ಒಂದು ಸಲ ಬಾರಿಸಿ, “ನಿನ್ನ ಮೇಕೆ ಕೂಗ್ತೈತೆ ಕೇಳು,” ಅಂತ ಹೇಳಿ ಮುಂದೆ ಹೋಗುತ್ತಿದ್ದಳು. ಹಯಾತ್ ಸಾಬರು ತೀರಿಕೊಂಡ ವರ್ಷವೂ ತಪ್ಪಿಸಲಿಲ್ಲ.

ಎಂಬತ್ತೆರಡರ ಶಿವರಾತ್ರಿಯ ಸಂಜೆ ಆಕೆ ಬರುವುದು ತಡವಾಯಿತು. ಮಲೆಬೆನ್ನೂರಿನಲ್ಲಿ ಬಸ್ಸು ನಿಲ್ಲಿಸಿಕೊಂಡು ನಾನು ಗದ್ದೆಯ ಬದು ನೋಡುತ್ತಿದ್ದೆ. ಆ ದಿನ ಬಸ್ಸಿನಲ್ಲಿ ಅಜ್ಜಪ್ಪನವರಿದ್ದರು. ಕಿಟಕಿಯಿಂದ ತಲೆ ಹಾಕಿ, “ಏ, ಬಿಡಪ್ಪಾ ಬಸ್ಸು! ಯಾರಿಗೆ ಕಾಯ್ತೀ?” ಅಂದರು.

“ನೀವು ಮಲಗೋಂಥ ಗಾದಿ ಹಿಂಜೋರು ಬರ್ತಾ ಇದಾರ್ರಿ,” ಅಂದೆ. “ಕುರಿ ಕರುಳಿನಾಗೇ ಹಿಂಜಿದ ಗಾದಿ. ಕೂಡ್ರಿ, ಸದ್ದು ಕೇಳೇ ಹೋಗಾಣ.”

ನಾಲ್ಕು ವರ್ಷ ತಡವಾಗಿ ಬಂದ ಮಾತು. ಅಜ್ಜಪ್ಪನವರು ಬಸ್ಸಿನ ಮಾಲೀಕರಿಗೆ ಹೇಳುತ್ತೇನೆ ಅಂದರು, ಹೇಳಿಯೂ ಹೇಳಿದರು. ನಾನು ಆ ಸಂಜೆ ಮೂರು ಸಲ ಬಿಲ್ಲು ಕೇಳಿಸುವವರೆಗೆ ಸೀಟಿ ಊದಲಿಲ್ಲ.